ಫೆಸ್‌ನ ಓಣಿಯಲ್ಲಿ ‘ಮುಂದೆ ದಾರಿ ಮುಚ್ಚಿದೆ’ ಎಂದರೆ ನಂಬಬೇಡಿ

ಮೊರೊಕ್ಕೊ ಪ್ರವಾಸಕ್ಕೆ ಹೊರಟಿರುವವರು, ಅದರಲ್ಲೂ ವಯಸ್ಸಾದ ತಂದೆತಾಯಿಯನ್ನು ಜೊತೆಗೆ ಕರೆದೊಯ್ಯುವವರು, ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ಫೆಸ್‌ನ ಹಳೆಯ ಪೇಟೆಯಲ್ಲಿ ನನಗೂ ಅಮ್ಮನಿಗೂ ಆದದ್ದು ನಿಮಗೆ ಆಗಬಾರದು.

ಸಂಜೆ ಐದರ ಹೊತ್ತು. ಬಾಬ್ ಬುಜ್ಲೂದ್ ದ್ವಾರ ದಾಟಿ ತಲಾ ಕಬೀರಾ ಎಂಬ ಮುಖ್ಯ ಓಣಿಯಲ್ಲಿ ಇಳಿಯುತ್ತಿದ್ದೆವು. 859ರಲ್ಲಿ ಸ್ಥಾಪನೆಯಾದ ಕರವಿಯ್ಯಿನ್ ಮಸೀದಿಯನ್ನು ಅಮ್ಮನಿಗೆ ತೋರಿಸಬೇಕೆಂದಿದ್ದೆ. ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಆದರೆ ಬಾಗಿಲಲ್ಲಿ ನಿಂತು ಅಂಗಳ ನೋಡಬಹುದು. ಅಷ್ಟರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಜೊತೆಯಾದ. ‘ಇಂಡಿಯಾ? ಶಾರುಖ್ ಖಾನ್!’ ಎಂದು ನಕ್ಕ. ‘ಮುಂದೆ ದಾರಿ ಮುಚ್ಚಿದೆ, ನಾನೂ ಅತ್ತಲೇ ಹೋಗುತ್ತಿದ್ದೇನೆ, ಹಣ ಬೇಡ’ ಎಂದ. ಅಮ್ಮನ ಕೈಚೀಲವನ್ನು ತಾನೇ ಹಿಡಿದುಕೊಂಡ. ಇಷ್ಟು ಒಳ್ಳೆಯ ಹುಡುಗ ಎಂದು ಅಮ್ಮನಿಗೆ ಸಂತೋಷವಾಯಿತು, ನನಗೂ.

ಮೊದಲು ಕರೆದೊಯ್ದದ್ದು ಶುವಾರಾ ಎಂಬಲ್ಲಿನ ಚರ್ಮ ಹದಮಾಡುವ ಹೊಂಡಗಳ ಮೇಲಿನ ಅಂಗಡಿಗೆ. ಬಾಗಿಲಲ್ಲೇ ಮೂಗಿಗೆ ಹಿಡಿದುಕೊಳ್ಳಲು ಪುದೀನದ ಕಡ್ಡಿ ಕೊಟ್ಟರು. ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಬೆರೆಸಿದ ನೀರಿನಲ್ಲಿ ತೊಗಲನ್ನು ನೆನೆಸುವ ಆ ಹೊಂಡಗಳ ವಾಸನೆ ಪುದೀನವನ್ನೂ ಮೀರಿ ಬಡಿಯುತ್ತದೆ. ಸೊಂಟದವರೆಗೆ ಇಳಿದು ತುಳಿಯುವ ಕೆಲಸಗಾರರನ್ನು ನೋಡಿ ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ನೋಡುವುದಕ್ಕೆ ಹಣ ಬೇಡ ಎಂದಿದ್ದ ಅಂಗಡಿಯವರು ಇಳಿಯುವ ಮೆಟ್ಟಿಲಿಗೆ ಅಡ್ಡ ನಿಂತು ಒಂದು ಗಂಟೆ ಜಾಕೆಟ್ ತೋರಿಸಿದರು. ನಾವು ಏನೂ ಕೊಳ್ಳಲಿಲ್ಲ. ಹುಡುಗನ ಮುಖ ಬದಲಾದದ್ದು ಆಗ.

ಕತ್ತಲಾಗಿತ್ತು. ತಿರುವಿನ ಮೇಲೆ ತಿರುವು ಹಾಕಿಸಿ ಒಂದು ದರ್ಬ್‌ನೊಳಗೆ ತಂದು ನಿಲ್ಲಿಸಿದ. ದರ್ಬ್ ಎಂದರೆ ಮನೆಗಳ ನಡುವಿನ ಸಂದಿ, ಹೆಚ್ಚಿನವಕ್ಕೆ ಆಚೆ ದಾರಿಯಿಲ್ಲ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಅಲ್ಲಿ ಇನ್ನಿಬ್ಬರು ಸೇರಿಕೊಂಡರು. 400 ದಿರ್ಹಮ್ ಕೊಡು ಎಂದರು, ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ರೂಪಾಯಿ. ಕೈಚೀಲ ಇನ್ನೂ ಅವನ ಕೈಯಲ್ಲೇ ಇತ್ತು, ಅದರಲ್ಲಿ ಅಮ್ಮನ ರಕ್ತದೊತ್ತಡದ ಮಾತ್ರೆಗಳು. ‘ಕೊಟ್ಟುಬಿಡು ಮಗಳೇ’ ಎಂದು ಅಮ್ಮ ನನ್ನ ತೋಳು ಹಿಡಿದಾಗ ಆ ಕೈ ನಡುಗುತ್ತಿತ್ತು. ನನ್ನಲ್ಲಿದ್ದ 200ರ ನೋಟು ಕೊಟ್ಟೆ, ಚೀಲ ಕಿತ್ತುಕೊಂಡೆ. ಅವರು ನಮ್ಮನ್ನು ಅಲ್ಲೇ ಬಿಟ್ಟು ಹೋದರು.

ಮೊಬೈಲ್ ನಕ್ಷೆಯನ್ನು ನೆಚ್ಚಿಕೊಳ್ಳಬೇಡಿ. ಎತ್ತರದ ಗೋಡೆಗಳ ನಡುವೆ ಅದು ನಿಮ್ಮನ್ನು ಪಕ್ಕದ ಓಣಿಯಲ್ಲಿ ತೋರಿಸುತ್ತದೆ. ನಮ್ಮನ್ನು ಕಾಪಾಡಿದ್ದು ಬೆಳಕಿದ್ದ ಒಂದು ಬ್ರೆಡ್ ಅಂಗಡಿ. ಅಲ್ಲಿನ ಮುದುಕರು ಅಮ್ಮನಿಗೆ ಮಣೆ ಹಾಕಿ ಕೂರಿಸಿ, ಮೊಮ್ಮಗನನ್ನು ನಮ್ಮ ಜೊತೆ ದ್ವಾರದವರೆಗೆ ಕಳಿಸಿದರು. ಎಷ್ಟು ಹೇಳಿದರೂ ಒಂದು ದಿರ್ಹಮ್ ಮುಟ್ಟಲಿಲ್ಲ. ಕೆಟ್ಟವರು ಇಡೀ ಊರಲ್ಲ, ಇದನ್ನೂ ಹೇಳಲೇಬೇಕು. ದಾರಿ ಕೇಳುವುದಿದ್ದರೆ ಅಂಗಡಿ ಬಿಟ್ಟು ಏಳಲಾಗದವರನ್ನು ಕೇಳಿ. ತಾವಾಗಿಯೇ ಬಂದು ದಾರಿ ಹೇಳುವವರನ್ನಲ್ಲ.

ಇಳಿಜಾರನ್ನು ನೆನಪಿಡಿ. ಬಾಬ್ ಬುಜ್ಲೂದ್ ಮೇಲಿದೆ, ಕರವಿಯ್ಯಿನ್ ಕೆಳಗಿದೆ. ದಾರಿ ತಪ್ಪಿದರೆ ಜನ ಓಡಾಡುವ ಓಣಿ ಹಿಡಿದು ಏರುತ್ತಾ ಬನ್ನಿ. ದ್ವಾರದ ಹೊರಮುಖದ ಹೆಂಚು ನೀಲಿ, ಒಳಮುಖದ್ದು ಹಸಿರು. ಹಸಿರು ಕಂಡಿತೆಂದರೆ ಹೊರಗೆ ಬರುವ ಹಾದಿ ಎದುರಿಗೇ ಇದೆ. ಪೇಟೆಯೊಳಗೆ ಕಾರು ಬರುವುದಿಲ್ಲ, ಸಾಮಾನು ಹೊತ್ತ ಹೇಸರಗತ್ತೆಗಳು ಬರುತ್ತವೆ. ‘ಬಾಲಕ್’, ಅಂದರೆ ‘ದಾರಿ ಬಿಡಿ’, ಎಂಬ ಕೂಗು ಕೇಳಿದ ಕೂಡಲೇ ವಯಸ್ಸಾದವರನ್ನು ಗೋಡೆಗೆ ಸರಿಸಿ ನಿಲ್ಲಿಸಿ.

ಮಾರ್ಗದರ್ಶಿ ಬೇಕೆಂದರೆ ಉಳಿದುಕೊಂಡ ಮನೆಯವರಿಂದಲೇ ಗೊತ್ತುಮಾಡಿಸಿ, ಸರ್ಕಾರಿ ಗುರುತಿನ ಚೀಟಿ ನೋಡಿ, ಹಣ ಎಷ್ಟೆಂದು ಮೊದಲೇ ಮಾತನಾಡಿ. ಮರುದಿನ ನಾವು ಹಾಗೆಯೇ ಮಾಡಿದೆವು. ಹೊರಗಿನ ಕೆಂಪು ಟ್ಯಾಕ್ಸಿಯಲ್ಲಿ ಮೀಟರ್ ಹಾಕಿಸಿ. ಮೂವರಿಗಿಂತ ಹೆಚ್ಚು ಜನ ಹತ್ತುವಂತಿಲ್ಲ. ಐದು, ಹತ್ತು ದಿರ್ಹಮ್ ಚಿಲ್ಲರೆ ಬೇರೆ ಜೇಬಿನಲ್ಲಿರಲಿ. ಮಾತ್ರೆ, ಪಾಸ್‌ಪೋರ್ಟ್ ನಿಮ್ಮ ಮೈಮೇಲೆಯೇ ಇರಲಿ. ಅಪರಿಚಿತರ ಕೈಗೆ ಚೀಲ ಕೊಡಬೇಡಿ. ನಗರಗಳಲ್ಲಿ ಪೊಲೀಸರ ಸಂಖ್ಯೆ 19. ಆ ಸಂದಿಯಲ್ಲಿ ನಿಂತಿದ್ದಾಗ ಅದು ನನಗೆ ಗೊತ್ತಿರಲಿಲ್ಲ.