ಜಾಗತಿಕ ಆರೋಗ್ಯದ ಕಲಿಕೆ: ಆನ್‌ಲೈನ್ ಕೋರ್ಸು, ದತ್ತು ಕುಟುಂಬ, ಮಲೆನಾಡಿನ ಆರೋಗ್ಯ ಕೇಂದ್ರ

ಎಂಬಿಬಿಎಸ್ ಓದುತ್ತಿದ್ದಾಗ ಜಾಗತಿಕ ಆರೋಗ್ಯವನ್ನು ನಾನು ಮೂರು ದಾರಿಗಳಲ್ಲಿ ಕಲಿತೆ. ಒಂದು, ವಿದೇಶಿ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಕೋರ್ಸು. ಇನ್ನೊಂದು, ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಕ್ರಮಕ್ಕೆ ಸೇರಿಸಿರುವ, ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಆಗಾಗ ಹೋಗಿ ವಿಚಾರಿಸುವ ಕುಟುಂಬ ದತ್ತು ಕಾರ್ಯಕ್ರಮ. ಮತ್ತೊಂದು, ವಿದ್ಯಾರ್ಥಿ ತಾನೇ ಆರಿಸಿಕೊಂಡು ಕಲಿಯುವ ಎಲೆಕ್ಟಿವ್ ಅವಧಿಯಲ್ಲಿ ಸಾಗರ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ. ಕಾಯಿಲೆಯೊಂದು ಕೆಲವು ಊರುಗಳಲ್ಲಿ, ಅದರಲ್ಲೂ ಕೆಲವು ಕಸುಬಿನವರಲ್ಲೇ ಏಕೆ ಕಾಣಿಸುತ್ತದೆ ಎಂಬುದು ತಿಳಿಯಬೇಕು, ಮರುದಿನ ಬೆಳಗ್ಗೆ ಅದಕ್ಕೆ ಏನು ಮಾಡಬೇಕೆಂಬುದೂ ತಿಳಿಯಬೇಕು. ಮೂರನ್ನೂ ನಾನು ತೂಗಿರುವುದು ಈ ಎರಡು ನಿರೀಕ್ಷೆಗಳಿಂದ.

ಆನ್‌ಲೈನ್ ಕೋರ್ಸನ್ನು ಹಗುರವಾಗಿ ಕಾಣುವವರಿದ್ದಾರೆ. ನಾನು ಹಾಗೆ ಕಾಣುವುದಿಲ್ಲ. ಅಕಾಲ ಮರಣದಿಂದ ಕಳೆದುಹೋದ ವರ್ಷಗಳನ್ನೂ ಅಂಗವೈಕಲ್ಯದಲ್ಲಿ ಬದುಕಿದ ವರ್ಷಗಳ ಹೊರೆಯನ್ನೂ ಕೂಡಿಸಿ ಒಂದು ಕಾಯಿಲೆಯ ಭಾರವನ್ನು ಲೆಕ್ಕಹಾಕುವ ‘ಡ್ಯಾಲಿ’ ವಿಧಾನ ನನಗೆ ಸ್ಪಷ್ಟವಾದದ್ದು ಅಲ್ಲಿಯೇ, ನಮ್ಮ ತರಗತಿಯಲ್ಲಲ್ಲ. ಆದರೆ ಅಭ್ಯಾಸಕ್ಕೆ ಕೊಟ್ಟ ಪ್ರಶ್ನೆಗಳಲ್ಲಿ ಅಂಕಿಅಂಶವೆಲ್ಲ ಮೊದಲೇ ಸಿದ್ಧವಾಗಿರುತ್ತಿತ್ತು. ಅದನ್ನು ಕಲೆಹಾಕಿದವರು ಯಾರು, ಕಲೆಹಾಕುವಾಗ ಬಿಟ್ಟುಹೋದವರು ಯಾರು ಎಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಕುಟುಂಬ ದತ್ತು ಕಾರ್ಯಕ್ರಮದ ಬಲವೆಂದರೆ ಅದು ವರ್ಷಗಟ್ಟಲೆ ಮುಂದುವರಿಯುವುದು. ಮೊದಲ ಭೇಟಿಯಲ್ಲಿ ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿರುವುದಾಗಿ ಹೇಳಿದ ಅಜ್ಜಿ, ಸಲುಗೆ ಬೆಳೆದ ಮೇಲೆ, ಬಸ್ಸಿಲ್ಲದ ವಾರಗಳಲ್ಲಿ ಮಾತ್ರೆ ಇರುವುದೇ ಇಲ್ಲವೆಂದು ತಾನಾಗಿ ಹೇಳಿದರು. ಇದರಾಚೆಗೆ ಆ ಕಾರ್ಯಕ್ರಮ ಬಹುಮಟ್ಟಿಗೆ ನಮೂನೆ ತುಂಬುವ ಕೆಲಸವಾಗಿಯೇ ಉಳಿಯಿತು.

ಆರೋಗ್ಯ ಕೇಂದ್ರದ ಮಾತೇ ಬೇರೆ. ನಾನು ಅಲ್ಲಿದ್ದದ್ದು ಮಂಗನ ಕಾಯಿಲೆಯ ಕಾಲದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ; 2018ರ ಕೊನೆಯಿಂದ ಅರಳಗೋಡು ಸುತ್ತಮುತ್ತ ಅದು ಹಬ್ಬಿದ್ದನ್ನು ತಾಲ್ಲೂಕಿನ ಜನ ಇನ್ನೂ ಮರೆತಿಲ್ಲ. ಮರಿ ಉಣುಗುಗಳು ಹೆಚ್ಚಾಗುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಕಾಲವೇ, ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ಬೇಕಾದ ದರಕನ್ನು (ಉದುರಿದ ಒಣ ಎಲೆಯನ್ನು) ಜನ ಸೊಪ್ಪಿನ ಬೆಟ್ಟದಿಂದ ಗುಡಿಸಿ ಹೊತ್ತು ತರುವ ಕಾಲ. ಕಾಯಿಲೆ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಡ.

ಈ ಕಾಯಿಲೆಯಿಂದ ಮಂಗಗಳೂ ಸಾಯುತ್ತವೆ; ಸತ್ತ ಮಂಗ ಕಂಡಿತೆಂದು ಆಶಾ ಕಾರ್ಯಕರ್ತೆಯಿಂದ ಫೋನ್ ಬಂದರೆ ಅರಣ್ಯ ಇಲಾಖೆ, ಪಶುವೈದ್ಯರು, ಪಂಚಾಯಿತಿ, ನಮ್ಮ ಕೇಂದ್ರ ಎಲ್ಲರೂ ಒಟ್ಟಾಗಬೇಕಿತ್ತು. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದಕ್ಕೊಂದು ಹೆಣೆದುಕೊಂಡಿದೆ ಎನ್ನುವ ‘ಏಕ ಆರೋಗ್ಯ’ ಎಂದು ಕೋರ್ಸಿನಲ್ಲಿ ಮೂರು ವೃತ್ತಗಳ ಚಿತ್ರವಾಗಿ ಕಂಡದ್ದು ಇಲ್ಲಿ ಯಾರ ಜೀಪಿನಲ್ಲಿ ಡೀಸೆಲ್ ಇದೆ ಎಂಬ ಚರ್ಚೆಯಾಗಿತ್ತು. (ಚರ್ಚೆ ಮುಗಿಯುವುದರೊಳಗೆ ಪಶುವೈದ್ಯರು ಬೈಕಿನಲ್ಲಿ ಹೊರಟುಬಿಡುತ್ತಿದ್ದರು.)

ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲವನ್ನು ಮನೆಮನೆಗೆ ಹಂಚುವಾಗ ದರಕಿನ ಹೊರೆ ಇಳಿಸುತ್ತಿದ್ದ ಹೆಂಗಸೊಬ್ಬರು, “ಹಚ್ಚಿಕೊಂಡು ಹೊರೆ ಹೊತ್ತರೆ ಮೈಯೆಲ್ಲ ಅಂಟು ಡಾಕ್ಟ್ರೇ, ಬೆವರಿಗೆ ಹೇಗೂ ಇಳಿದುಹೋಗ್ತದೆ,” ಎಂದರು. ಮಧ್ಯಾಹ್ನ ಮತ್ತೊಮ್ಮೆ ಹಚ್ಚಿಕೊಳ್ಳಲು ಅವರು ಬಾಟಲಿಯನ್ನು ಬೆಟ್ಟಕ್ಕೆ ಒಯ್ಯುತ್ತಿರಲಿಲ್ಲ. ಸಣ್ಣ ಬಾಟಲಿಗಳಿಗೆ ತುಂಬಿಸಿ ಕೊಡೋಣವೆಂದು ನಮ್ಮ ಕೇಂದ್ರದ ಹಿರಿಯ ಆರೋಗ್ಯ ಸಹಾಯಕರು ಅಂದೇ ತೀರ್ಮಾನಿಸಿದರು. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು ನಿಂತುಹೋಗಿ, ವೈರಸ್ಸಿಗೇ ನೇರವಾದ ಔಷಧಿಯೂ ಇಲ್ಲದಿರುವಾಗ, ಬಾಟಲಿಯ ಗಾತ್ರವೂ ಚಿಕಿತ್ಸೆಯಷ್ಟೇ ಮುಖ್ಯವಾಗುತ್ತದೆ. ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ ಅಲ್‌ಖುರ್ಮಾ ವೈರಸ್ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಕಾಣಿಸಿಕೊಂಡದ್ದನ್ನು ನೆನೆದರೆ, ಸಾಗರದ ಈ ಅನುಭವ ಸಾಗರಕ್ಕೆ ಮಾತ್ರ ಸೇರಿದ್ದಲ್ಲ ಎಂಬುದೂ ತಿಳಿಯುತ್ತದೆ.

ಹಾಗೆಂದು ಆರೋಗ್ಯ ಕೇಂದ್ರಕ್ಕೆ ಹೋದವರೆಲ್ಲ ಕಲಿತು ಬರುತ್ತಾರೆಂದಲ್ಲ. ವೈದ್ಯಾಧಿಕಾರಿಗೆ ಕಲಿಸುವ ಮನಸ್ಸಿಲ್ಲದ ಮತ್ತೊಂದು ಕೇಂದ್ರದಲ್ಲಿ ನನ್ನ ಸಹಪಾಠಿಯೊಬ್ಬ ಇಡೀ ಅವಧಿಯನ್ನು ಹೊರರೋಗಿಗಳ ಚೀಟಿ ಬರೆಯುವುದರಲ್ಲೇ ಕಳೆದ. ಅವನಿಗೆ ಆನ್‌ಲೈನ್ ಕೋರ್ಸೇ ಹೆಚ್ಚು ಕೊಟ್ಟಿತೆಂದರೆ ನಾನು ಒಪ್ಪುತ್ತೇನೆ. ಆದ್ದರಿಂದ ಆಯ್ಕೆ ಮಾಡುವಾಗ ಊರಿಗಿಂತ ಮೊದಲು ವೈದ್ಯಾಧಿಕಾರಿಯ ಬಗ್ಗೆ ಹಿರಿಯ ವಿದ್ಯಾರ್ಥಿಗಳಲ್ಲಿ ವಿಚಾರಿಸುವುದು ಒಳ್ಳೆಯದು. ಕೋರ್ಸಿನ ರೋಗಭಾರದ ಅಧ್ಯಾಯಗಳನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಬೇಕು. ಉಳಿದವನ್ನು ಬಿಟ್ಟರೂ ನಷ್ಟವಿಲ್ಲ.

ಎಲೆಕ್ಟಿವ್ ಮಳೆಗಾಲಕ್ಕೆ ಬಿದ್ದರೆ ಮಂಗನ ಕಾಯಿಲೆ ನೋಡಲು ಸಿಗುವುದಿಲ್ಲ, ಆದರೆ ಹಾವು ಕಡಿತ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ದೊರೆಯುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಪಶ್ಚಿಮ ಘಟ್ಟದ ಗುಳಿಮಂಡಲ ಹಾವುಗಳು ಆ ಲೆಕ್ಕದಲ್ಲಿಲ್ಲ. ತೋಟದಲ್ಲಿ ಗುಳಿಮಂಡಲ ಕಚ್ಚಿ ಬಂದವರಿಗೆ ಏನು ಮಾಡುತ್ತೀರೆಂದು ಹೋದ ಮೊದಲ ದಿನವೇ ವೈದ್ಯಾಧಿಕಾರಿಯನ್ನು ಕೇಳಬಹುದು.