ಜಿಫೋರ್ಸ್ ಎಫ್‌ಎಕ್ಸ್ 5200 (128 ಬಿಟ್, ಎಜಿಪಿ): ಹಳೆಯ ಪೆಂಟಿಯಂ 4ಗೆ ದೀರ್ಘ ಬಳಕೆಯ ನಂತರದ ವಿಮರ್ಶೆ

ಯಂತ್ರ ಇದು: ಇಂಟೆಲ್ 865ಜಿ ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್‌ಗಳ) ಮದರ್‌ಬೋರ್ಡು, 2.8 ಗಿಗಾಹರ್ಟ್ಸ್ ಪೆಂಟಿಯಂ 4, 512 ಎಂಬಿ ರ‍್ಯಾಮ್, ಒಂದೇ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ 98 ಎಸ್‌ಇ ಮತ್ತು ಎಕ್ಸ್‌ಪಿ. ಎರಡೂ ವಿಂಡೋಸ್ ಬೇಕೆನ್ನುವವರಿಗೆ 128 ಬಿಟ್‌ನ ಎಫ್‌ಎಕ್ಸ್ 5200 ಗ್ರಾಫಿಕ್ಸ್ ಕಾರ್ಡಿಗಿಂತ (ಪರದೆಯ ಚಿತ್ರ ಮೂಡಿಸುವ ಕಾರ್ಡು) ನೆಮ್ಮದಿಯ ಆಯ್ಕೆ ನನಗೆ ಕಂಡಿಲ್ಲ. ಇಲ್ಲಿ ಬಿಟ್ ಎಂದರೆ ಮೆಮೊರಿ ಬಸ್‌ನ, ಅಂದರೆ ಕಾರ್ಡಿನ ಚಿಪ್‌ಗೂ ಅದರ ಮೆಮೊರಿಗೂ ನಡುವಿನ ದಾರಿಯ, ಅಗಲ. ಇದೇ ಹೆಸರಿನಲ್ಲಿ 64 ಬಿಟ್‌ನದೂ ಸಿಗುತ್ತದೆ. ಅದನ್ನು ಪುಕ್ಕಟೆ ಕೊಟ್ಟರೂ ಬೇಡ. ಪೆಟ್ಟಿಗೆ ಮೇಲೆ ಎರಡಕ್ಕೂ ಹೆಸರು ಒಂದೇ ಆದ್ದರಿಂದ ಗುರುತಿಸುವುದು ಹೇಗೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಕಾರ್ಡು ಹುಡುಕುವ ಮೊದಲು ಕ್ಯಾಬಿನೆಟ್ ಬಿಚ್ಚಿ ಬೋರ್ಡು ನೋಡಿ. 865ಜಿ ಮತ್ತು 865ಪಿಇ ಚಿಪ್‌ಸೆಟ್‌ಗಳಿಗೆ ಎಜಿಪಿ (ಗ್ರಾಫಿಕ್ಸ್ ಕಾರ್ಡಿಗೆಂದೇ ಇರುವ ವೇಗದ ಸ್ಲಾಟು) ಇದೆ, 865ಜಿವಿಗೆ ಇಲ್ಲ. 845ಜಿಎಲ್, 845ಜಿವಿಗಳದೂ ಅದೇ ಕಥೆ. ಕೆಲವು 865ಜಿವಿ ಬೋರ್ಡುಗಳಲ್ಲಿ ಎಜಿಪಿಯಂತೆಯೇ ಕಾಣುವ ಸ್ಲಾಟು ಇರುತ್ತದೆ. ಒಳಗೆ ಅದು ಸಾಮಾನ್ಯ ಕಾರ್ಡುಗಳ ನಿಧಾನದ ಪಿಸಿಐ ಬಸ್‌ಗೆ ಸೇರಿರುತ್ತದೆ. ಎಜಿಪಿ 8ಎಕ್ಸ್‌ನಲ್ಲಿ (ಮೂಲ ಎಜಿಪಿಯ ಎಂಟು ಪಟ್ಟು ವೇಗ) ಸೆಕೆಂಡಿಗೆ ಸುಮಾರು 2.1 ಜಿಬಿ ಸಾಗಿದರೆ ಅಲ್ಲಿ 133 ಎಂಬಿ ಮಾತ್ರ. ಅಂಥ ಬೋರ್ಡಿಗೆ ಯಾವ ಕಾರ್ಡು ಹಾಕಿದರೂ ದುಡ್ಡು ದಂಡ.

ಇನ್ನು ವೋಲ್ಟೇಜು. 1997ರ ಮೊದಲ ಪೀಳಿಗೆಯ ಎಜಿಪಿ 3.3 ವೋಲ್ಟ್‌ನದು, 4ಎಕ್ಸ್‌ಗೆ ಬಂದಾಗ 1.5 ವೋಲ್ಟ್, 8ಎಕ್ಸ್‌ನಲ್ಲಿ ಸಿಗ್ನಲ್ 0.8 ವೋಲ್ಟ್. 845, 865 ಬೋರ್ಡುಗಳು 3.3 ವೋಲ್ಟನ್ನು ತಾಳಿಕೊಳ್ಳುವುದಿಲ್ಲ. ತಪ್ಪು ಕಾರ್ಡು ಸಿಕ್ಕಿಸಿ ಪವರ್ ಕೊಟ್ಟರೆ ಸುಡುವುದು ಕಾರ್ಡಲ್ಲ, ಬೋರ್ಡಿನ ಚಿಪ್‌ಸೆಟ್. ಕಾರ್ಡಿನ ಕೆಳಅಂಚಿನ ಕಚ್ಚು ನೋಡಿ: ತಗಡಿನ ಬ್ರ್ಯಾಕೆಟ್ಟಿಗೆ ಹತ್ತಿರ ಒಂದೇ ಕಚ್ಚಿದ್ದರೆ 3.3 ವೋಲ್ಟ್, ದೂರ ಒಂದೇ ಇದ್ದರೆ 1.5, ಎರಡೂ ಇದ್ದರೆ ಎರಡಕ್ಕೂ ಹೊಂದುವಂಥದ್ದು. ಎರಡು ಕಚ್ಚಿದ್ದರೂ ಒಳಗೆ ಬರೀ 3.3 ವೋಲ್ಟ್‌ನಲ್ಲಿ ನಡೆಯುವ ಕೆಲವು ಅಗ್ಗದ ಟಿಎನ್‌ಟಿ2 ಕಾಲದ ಕಾರ್ಡುಗಳು ಬಂದಿದ್ದವು. ಅವನ್ನು ಈ ಬೋರ್ಡುಗಳ ಹತ್ತಿರ ತರಲೇಬೇಡಿ. ಎಫ್‌ಎಕ್ಸ್ 5200 8ಎಕ್ಸ್ ಕಾಲದ್ದು, 2003ರಲ್ಲಿ ಬಂದದ್ದು, ಈ ಭಯವಿಲ್ಲ.

ಈಗ ಮುಖ್ಯ ವಿಷಯ, ಮೆಮೊರಿ ಬಸ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೂ, ಆನ್‌ಲೈನ್‌ನಲ್ಲಿ ಹುಡುಕಿದರೂ ಮಾರುವವರು ಹೇಳುವುದು "128 ಎಂಬಿ, 256 ಎಂಬಿ" ಎಂದು. ಈ ದರ್ಜೆಯ ಚಿಪ್‌ಗೆ 128 ಎಂಬಿ ಧಾರಾಳ. ವೇಗ ನಿರ್ಧರಿಸುವುದು ಬಸ್‌ನ ಅಗಲ. ಮೆಮೊರಿ 200 ಮೆಗಾಹರ್ಟ್ಸ್‌ನಲ್ಲಿ ಓಡಿದರೆ, ಡಿಡಿಆರ್ (ಗಡಿಯಾರದ ಪ್ರತಿ ಬಡಿತಕ್ಕೆ ಎರಡು ಬಾರಿ ಮಾಹಿತಿ ಸಾಗಿಸುವ ಬಗೆ) ಆದ್ದರಿಂದ 400 ಎಂದು ಲೆಕ್ಕ. 128 ಬಿಟ್‌ಗೆ ಸೆಕೆಂಡಿಗೆ 6.4 ಜಿಬಿ, 64 ಬಿಟ್‌ಗೆ 3.2 ಜಿಬಿ. 1024×768ರಲ್ಲಿ 32 ಬಿಟ್ ಬಣ್ಣ ಇಟ್ಟ ಕೂಡಲೇ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಗುರುತಿಸಲು ಸಾಫ್ಟ್‌ವೇರ್ ಬೇಕಿಲ್ಲ. ಕಾರ್ಡಿನ ಎರಡೂ ಬದಿ ತಿರುಗಿಸಿ ಮೆಮೊರಿ ಚಿಪ್ ಎಣಿಸಿ, ಅದರ ಮೇಲಿನ ನಂಬರ್ ಓದಿ. ಉದಾಹರಣೆಗೆ ಹೈನಿಕ್ಸ್ ಚಿಪ್‌ನ ಮೇಲೆ ಎಚ್‌ವೈ5ಡಿಯು561622 ಎಂದಿದ್ದರೆ, 56 ಅಂದರೆ 256 ಮೆಗಾಬಿಟ್ (32 ಎಂಬಿ), ಅದರ ಮುಂದಿನ 16 ಅಂದರೆ ಚಿಪ್ ಒಂದಕ್ಕೆ 16 ಬಿಟ್ ಅಗಲ. ಇಂಥ ನಾಲ್ಕು ಚಿಪ್ ಇದ್ದರೆ 128 ಎಂಬಿ ಸರಿಯೇ, ಬಸ್ ಮಾತ್ರ 64 ಬಿಟ್. ಅದೇ 281622 ಎಂದಿರುವ 16 ಎಂಬಿಯ ಎಂಟು ಚಿಪ್ ಇದ್ದರೂ 128 ಎಂಬಿಯೇ, ಆದರೆ ಬಸ್ 128 ಬಿಟ್. ಬೇಕಾದದ್ದು ಇದು. ನಂಬರಿನ ಕೊನೆಯಲ್ಲಿ 4 ಅಥವಾ 5 ಎಂದಿದ್ದರೆ ಅದು ನ್ಯಾನೊಸೆಕೆಂಡು. 1000ವನ್ನು ಅದರಿಂದ ಭಾಗಿಸಿ. 5 ಇದ್ದರೆ 200 ಮೆಗಾಹರ್ಟ್ಸ್, 4 ಇದ್ದರೆ 250. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಹಿಂಬದಿಯ ಫೋಟೊ ಕೇಳಿ ಪಡೆಯಿರಿ, ಕೊಡದಿದ್ದರೆ ಬಿಟ್ಟುಬಿಡಿ. ಎಫ್‌ಎಕ್ಸ್ 5500 ಕೂಡ ಇದೇ ಚಿಪ್, ಗಡಿಯಾರ 250ರ ಬದಲು 270 ಮೆಗಾಹರ್ಟ್ಸ್. ಅದರಲ್ಲೂ 64 ಬಿಟ್‌ನವು ಇವೆ, ಎಣಿಕೆ ಅಲ್ಲಿಯೂ ತಪ್ಪಿದ್ದಲ್ಲ.

ಇದಕ್ಕಿಂತ ವೇಗದ ಕಾರ್ಡುಗಳಿಲ್ಲವೇ? ಇವೆ. ಜಿಫೋರ್ಸ್ 6600 ಜಿಟಿ ಎಜಿಪಿಯ ಮುಂದೆ 5200 ಏನೇನೂ ಅಲ್ಲ. ಬರೀ ಎಕ್ಸ್‌ಪಿ ಓಡಿಸುವವರು, ಪವರ್ ಸಪ್ಲೈ ಗಟ್ಟಿಯಿದ್ದರೆ, ಅದನ್ನೇ ತೆಗೆದುಕೊಳ್ಳಲಿ; ಅದಕ್ಕೆ ನಾಲ್ಕು ಪಿನ್‌ನ ಮೊಲೆಕ್ಸ್ ಕನೆಕ್ಟರ್ ಬೇರೆ ಬೇಕು. ವಿಂಡೋಸ್ 98ರ ಕಾಲದ ಆಟಗಳ ವಿಷಯ ಬೇರೆ. 1997ರಿಂದ 99ರ ಎಷ್ಟೋ ಆಟಗಳು 8 ಬಿಟ್ ಪ್ಯಾಲೆಟ್ ಟೆಕ್ಸ್ಚರ್ (256 ಬಣ್ಣಗಳ ಪಟ್ಟಿಯಿಂದ ಬಣ್ಣ ಪಡೆಯುವ ಮೇಲ್ಮೈ ಚಿತ್ರ) ಮತ್ತು ಟೇಬಲ್ ಫಾಗ್ (ದೂರದ ದೃಶ್ಯಕ್ಕೆ ಮಂಜು ಕವಿಸುವ ಒಂದು ವಿಧಾನ) ಕೇಳುತ್ತವೆ. ಜಿಫೋರ್ಸ್ 6 ಸರಣಿಯಲ್ಲಿ ಪ್ಯಾಲೆಟ್ ಟೆಕ್ಸ್ಚರ್ ಕೈಬಿಟ್ಟರು, ಎಫ್‌ಎಕ್ಸ್‌ನಲ್ಲಿ ಎರಡೂ ಉಳಿದಿವೆ. ಟೇಬಲ್ ಫಾಗ್ ಬೆಂಬಲವಿಲ್ಲದ ಕಾರ್ಡಿನಲ್ಲಿ ಮಂಜು ಕವಿಯಬೇಕಾದ ಕಡೆ ಬಟ್ಟಬಯಲು ಕಾಣುತ್ತದೆ. ಹಾಗೆಂದು 5200ರಿಂದ ಡೈರೆಕ್ಟ್‌ಎಕ್ಸ್ (ವಿಂಡೋಸ್ ಆಟಗಳು ಬಳಸುವ ಗ್ರಾಫಿಕ್ಸ್ ತಂತ್ರಾಂಶ) 9ರ ಆಟಗಳನ್ನು ನಿರೀಕ್ಷಿಸಬೇಡಿ. ಹೆಸರಿಗೆ ಬೆಂಬಲವಿದೆ, ಶಕ್ತಿ ಇಲ್ಲ.

ಅಳವಡಿಸುವಾಗ ಕ್ರಮ ತಪ್ಪಿದರೆ ತೊಂದರೆ ಗ್ಯಾರಂಟಿ. ಬೋರ್ಡಿನ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಮೊದಲು ತೆಗೆಯಿರಿ. ಯಂತ್ರ ಆರಿಸಿ, ಪ್ಲಗ್ ಕಿತ್ತು, ಕಾರ್ಡನ್ನು ಸ್ಲಾಟಿನ ಹಿಂದಿನ ಕೊಂಡಿ ಕೂರುವವರೆಗೆ ಒತ್ತಿ. ಬ್ರ್ಯಾಕೆಟ್ ಸ್ಕ್ರೂ ಬಿಗಿಯುವಾಗ ಆ ತುದಿ ಮೇಲೇಳುವುದು ಸಾಮಾನ್ಯ, ಅವಾರ್ಡ್ ಬಯಾಸ್‌ನಲ್ಲಿ (ಯಂತ್ರ ಆನ್ ಆದ ಕೂಡಲೇ ಓಡುವ ಬೋರ್ಡಿನ ತಂತ್ರಾಂಶ) ಒಂದು ಉದ್ದ ಎರಡು ಗಿಡ್ಡ ಬೀಪ್ ಬಂದರೆ ಮೊದಲು ಅಲ್ಲಿ ನೋಡಿ. ಬಯಾಸ್‌ನಲ್ಲಿ ಪ್ರೈಮರಿ ವಿಡಿಯೊ ಎಜಿಪಿ, ಎಜಿಪಿ ಅಪರ್ಚರ್ (ಕಾರ್ಡು ಬಳಸಬಹುದಾದ ರ‍್ಯಾಮ್‌ನ ಮಿತಿ) 128 ಎಂಬಿ ಎಂದು ಇಡಿ. ಆಮೇಲೆ ಚಿಪ್‌ಸೆಟ್ ಐಎನ್‌ಎಫ್ (ಬೋರ್ಡಿನ ಚಿಪ್‌ಸೆಟ್ಟನ್ನು ವಿಂಡೋಸ್‌ಗೆ ಪರಿಚಯಿಸುವ ಇಂಟೆಲ್ ಫೈಲುಗಳು), ಡೈರೆಕ್ಟ್‌ಎಕ್ಸ್ 9.0ಸಿ, ಕೊನೆಗೆ ಕಾರ್ಡಿನ ಡ್ರೈವರ್. 98ರಲ್ಲಿ 45.23 ಹಾಕಿ; 81.98ರವರೆಗೂ ಹೊಸವು ಇವೆ, ಹಳೆಯ ಆಟಗಳಿಗೆ 45.23 ಹೆಚ್ಚು ಹೊಂದುತ್ತದೆ. ಎಕ್ಸ್‌ಪಿಗೆ 175.19. ಡಿಎಕ್ಸ್‌ಡಯಾಗ್‌ನಲ್ಲಿ (ಡೈರೆಕ್ಟ್‌ಎಕ್ಸ್ ಪರೀಕ್ಷಿಸುವ ವಿಂಡೋಸ್ ಸಾಧನ) ಎಜಿಪಿ ಟೆಕ್ಸ್ಚರ್ ಲಭ್ಯವಿಲ್ಲ ಎಂದು ಬಂದರೆ ಐಎನ್‌ಎಫ್ ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ. ಆಟದ ನಡುವೆ ಹ್ಯಾಂಗ್ ಆದರೆ ಬಯಾಸ್‌ನಲ್ಲಿ ಫಾಸ್ಟ್ ರೈಟ್ಸ್ ಎಂಬ ಎಜಿಪಿ ಸೆಟ್ಟಿಂಗನ್ನು ಆಫ್ ಮಾಡಿ. ಅದಕ್ಕೂ ಬಗ್ಗದಿದ್ದರೆ 4ಎಕ್ಸ್‌ಗೆ ಇಳಿಸಿ. ಈ ಕಾರ್ಡಿಗೆ 8ಎಕ್ಸ್ ಇದ್ದರೂ ಇಲ್ಲದಿದ್ದರೂ ವೇಗದಲ್ಲಿ ಗೊತ್ತಾಗುವಂಥ ವ್ಯತ್ಯಾಸವಿಲ್ಲ.

ಆಟ ಬೇಡ, ಪ್ಯಾರಲಲ್ ಪೋರ್ಟಿನ ಡಾಂಗಲ್ (ಪರವಾನಗಿಯ ಕೀಲಿ) ಕೇಳುವ ಹಳೆಯ ಕನ್ನಡ ಡಿಟಿಪಿ ತಂತ್ರಾಂಶಕ್ಕಾಗಿ ಇಂಥ ಯಂತ್ರ ಉಳಿಸಿಕೊಂಡಿರುವ ಮುದ್ರಣಾಲಯದವರು ನೋಡಬೇಕಾದದ್ದು ಅಕ್ಷರದ ಸ್ಪಷ್ಟತೆ. ಅಗ್ಗದ ಕಾರ್ಡುಗಳಲ್ಲಿ ವಿಜಿಎ ಔಟ್‌ಪುಟ್‌ನ ಫಿಲ್ಟರ್ ಬಿಡಿಭಾಗಗಳು ಕಳಪೆ. 1280×1024ರಲ್ಲಿ ಹತ್ತು ಪಾಯಿಂಟಿನ "ಸ್ತ್ರೀ", "ರಾಷ್ಟ್ರ" ಬರೆದು ನೋಡಿ. ಒತ್ತಕ್ಷರದ ಒಳಗಿನ ಬಿಳಿ ಜಾಗ ಮುಚ್ಚಿಹೋದರೆ ಆ ಕಾರ್ಡು ಬೇಡ. ಡಿವಿಐ (ಡಿಜಿಟಲ್ ಔಟ್‌ಪುಟ್) ಇರುವ ಕಾರ್ಡು ಸಿಕ್ಕರೆ 17 ಅಥವಾ 19 ಇಂಚಿನ ಚೌಕ ಎಲ್‌ಸಿಡಿಗೆ ನೇರ ಜೋಡಿಸಿ, ಈ ರಗಳೆಯೇ ಇರುವುದಿಲ್ಲ. 1920×1080 ಪರದೆಗೆ 148.5 ಮೆಗಾಹರ್ಟ್ಸ್ ಪಿಕ್ಸೆಲ್ ಗಡಿಯಾರ ಬೇಕು, 1280×1024ಕ್ಕೆ 108 ಸಾಕು. ದೊಡ್ಡ ಪರದೆಯಲ್ಲಿ ಚುಕ್ಕಿ ಮಿನುಗಿದರೆ ಕೇಬಲ್ ಬದಲಿಸಿ ನೋಡಿ. ಮತ್ತೂ ಮಿನುಗಿದರೆ ಮಿತಿ ಕಾರ್ಡಿನದು.

ಬಾಳಿಕೆಯಲ್ಲಿ ಮೊದಲು ಕೈಕೊಡುವುದು ಸಣ್ಣ ಫ್ಯಾನು. ಎಣ್ಣೆ ಆರಿ ಗರಗರ ಎನ್ನತೊಡಗಿ ಒಂದು ದಿನ ನಿಲ್ಲುತ್ತದೆ. ಫ್ಯಾನಿಲ್ಲದ, ದೊಡ್ಡ ಹೀಟ್‌ಸಿಂಕ್‌ನ ಮಾದರಿ ಒಳ್ಳೆಯದು, ಕೆಳಗಿನ ಪಿಸಿಐ ಸ್ಲಾಟು ಖಾಲಿ ಬಿಟ್ಟು ಗಾಳಿಗೆ ದಾರಿ ಕೊಡಬೇಕು. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಕಲ್ಲಾಗಿರುವ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಾಕಿ. ಹೀಟ್‌ಸಿಂಕ್ ಬರದಿದ್ದರೆ ಮೀಟಬೇಡಿ, ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಯಂತ್ರ ಆಫ್ ಮಾಡಿದ ಮೇಲೆ ಮೆಲ್ಲಗೆ ತಿರುಚಿ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಷ್ಟೇ ಮೈಕ್ರೊಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, 105 ಡಿಗ್ರಿಯ ಲೋ ಇಎಸ್‌ಆರ್ (ಒಳಪ್ರತಿರೋಧ ಕಡಿಮೆ ಇರುವ) ಬಗೆಯದನ್ನೇ ಹಾಕಿಸಿ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇಟ್ಟಿರುವವರು ಕಾರ್ಡಿನ ಚಿನ್ನದ ಅಂಚನ್ನು ಆಗಾಗ ಮೆತ್ತನೆಯ ರಬ್ಬರಿನಿಂದ ಉಜ್ಜಿ, ಪುಡಿ ಪೂರ್ತಿ ಒರೆಸಿ ಹಾಕುವುದು ಒಳ್ಳೆಯದು.

ಅಂಗಡಿಯಲ್ಲಿ "ಆನ್ ಆಗುತ್ತೆ ಸಾರ್" ಎಂದು ತೋರಿಸಿದರೆ ಸಾಲದು. ಬೂಟ್ ಆಗುವಾಗಿನ ಬಿಳಿ ಅಕ್ಷರಗಳ ಮಧ್ಯೆ ಚುಕ್ಕಿಯೋ ಉದ್ದಗೆರೆಯೋ ಇದ್ದರೆ ಮೆಮೊರಿ ಹೋಗಿದೆ, ರಿಪೇರಿಗೆ ಬೆಲೆಯಿಲ್ಲ. ಬೂಟ್ ಸ್ವಚ್ಛವಾಗಿದ್ದು, ಹತ್ತು ನಿಮಿಷ 3ಡಿ ಓಡಿಸಿದ ಮೇಲೆ ಬಣ್ಣದ ತೇಪೆಗಳು ಬಂದರೆ ಬಹುಪಾಲು ಬಿಸಿಯ ತೊಂದರೆ. ಬೆಲೆ ಇಳಿಸಿ ಕೇಳಿ ಒಯ್ದು ಪೇಸ್ಟು, ಫ್ಯಾನು ಬದಲಿಸಬಹುದು.