ಬಿವಿಗೆ ಜೆಲ್, ಮಾತ್ರೆ, ಕ್ರೀಮ್: ಮೂರನ್ನೂ ಬಳಸಿ ನೋಡಿದ ಮೇಲೆ

ಬಿವಿ, ಅಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿ ಬರುವ ತೊಂದರೆ), ನನಗೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಹಾಗಾಗಿ ಡಾಕ್ಟರುಗಳು ಸಾಮಾನ್ಯವಾಗಿ ಬರೆದುಕೊಡುವ ಮೂರೂ ಔಷಧಿಗಳ ಪರಿಚಯ ಆಗಿದೆ. ಮೆಟ್ರೊನಿಡಜೋಲ್ ಮಾತ್ರೆ, ಅದೇ ಔಷಧಿಯ ಜೆಲ್, ಆಮೇಲೆ ಕ್ಲಿಂಡಾಮೈಸಿನ್ ಕ್ರೀಮ್. ಗುಣ ಮಾಡುವುದರಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಔಷಧಿ ನಡೆಯುವ ಆ ದಿನಗಳನ್ನು ಹೇಗೆ ಕಳೆಯುತ್ತೀರಿ ಅನ್ನುವುದರಲ್ಲಿ. ನನ್ನ ಓಟು ಜೆಲ್‌ಗೆ.

ಆದರೆ ಮೊದಲು ಅದು ಬಿವಿ ಹೌದೋ ಅಲ್ಲವೋ ಗೊತ್ತಾಗಬೇಕು. ಬಿಳಿ ಹೋಗುತ್ತಿದೆ ಅಂದ ಮಾತ್ರಕ್ಕೆ ಬಿವಿ ಅಲ್ಲ. ಬಿವಿಯಲ್ಲಿ ಸ್ರಾವ ತೆಳ್ಳಗೆ, ಬೂದು ಬಿಳಿ ಬಣ್ಣಕ್ಕಿರುತ್ತದೆ. ಮೀನಿನಂಥ ವಾಸನೆ ಬರುತ್ತದೆ, ಸಂಭೋಗದ ನಂತರ ಇನ್ನೂ ಜಾಸ್ತಿ. ಮೊಸರು ಒಡೆದಂತೆ ಗಟ್ಟಿ ಸ್ರಾವ, ತಡೆಯಲಾಗದ ತುರಿಕೆ ಇದ್ದರೆ ಅದು ಹೆಚ್ಚಾಗಿ ಫಂಗಸ್. ಅದಕ್ಕೆ ಈ ಮೂರರಲ್ಲಿ ಯಾವುದೂ ಕೆಲಸ ಮಾಡುವುದಿಲ್ಲ, ಬದಲಿಗೆ ಫಂಗಸ್ ಇನ್ನಷ್ಟು ಕೆರಳಬಹುದು. ಟ್ರೈಕೊಮೋನಾಸ್ ಅಂತ ಸಂಭೋಗದಿಂದ ಹರಡುವ ಇನ್ನೊಂದು ಸೋಂಕಿದೆ, ಅದಕ್ಕೆ ಮಾತ್ರೆಯೇ ಬೇಕು, ಜೆಲ್ ಸಾಲದು. ಡಾಕ್ಟರ್ ಸ್ರಾವದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ (ಆಮ್ಲ ಕಡಿಮೆಯಾದಷ್ಟೂ ಈ ಅಂಕಿ ಜಾಸ್ತಿ), ನೋಡುತ್ತಾರೆ. ಬಿವಿ ಇದ್ದರೆ ಅದು 4.5ಕ್ಕಿಂತ ಮೇಲಿರುತ್ತದೆ. ಸ್ವಲ್ಪ ಸ್ರಾವವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲೂ ನೋಡುತ್ತಾರೆ. ನಿಮಿಷಗಳ ಕೆಲಸ. ಮುಜುಗರ ಅಂತ ಅದನ್ನು ತಪ್ಪಿಸಿ ಸೀದಾ ಔಷಧಿ ಅಂಗಡಿಗೆ ಹೋಗಬೇಡಿ.

ಇನ್ನು ಮಾತ್ರೆ. 500 ಮಿಲಿಗ್ರಾಂನದು, ದಿನಕ್ಕೆ ಎರಡು, 7 ದಿನ. ನುಂಗಿದರೆ ಮುಗಿಯಿತು. ಕೈಗೆ ಮೈಗೆ ಅಂಟುವ ರಗಳೆ ಇಲ್ಲ, ಪ್ರಯಾಣದಲ್ಲೂ ತೊಂದರೆ ಇಲ್ಲ. ಇಷ್ಟೆಲ್ಲ ಅನುಕೂಲ ಇದ್ದರೂ ನನಗೆ ಒಗ್ಗಲಿಲ್ಲ. ನೀರು ಕುಡಿದರೂ ನಾಣ್ಯ ಚೀಪಿದ ಹಾಗೆ ಬಾಯೆಲ್ಲ ಲೋಹದ ರುಚಿ. ಜೊತೆಗೆ ವಾಕರಿಕೆ. ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಸ್ವಲ್ಪ ತಗ್ಗುತ್ತಿತ್ತು, ರುಚಿ ಮಾತ್ರ ಬಾಯಿ ಬಿಟ್ಟು ಹೋಗಲಿಲ್ಲ. ಎಲ್ಲರಿಗೂ ಹೀಗೇ ಆಗಬೇಕು ಅಂತೇನಿಲ್ಲ. ಏನೂ ಆಗಲೇ ಇಲ್ಲ ಅನ್ನುವವರೂ ಇದ್ದಾರೆ, ಅಂಥವರಿಗೆ ಮಾತ್ರೆಯೇ ಸುಲಭ.

ಜೆಲ್‌ನಲ್ಲೂ ಅದೇ ಮೆಟ್ರೊನಿಡಜೋಲ್, ಆದರೆ 0.75 ಶೇಕಡಾ. ಯೋನಿಯೊಳಗೆ ಔಷಧಿ ಹಾಕುವ ಕೊಳವೆ, ಅಂದರೆ ಅಪ್ಲಿಕೇಟರ್, ಒಂದು ತುಂಬ (5 ಗ್ರಾಂ), ದಿನಕ್ಕೊಂದು ಸಲ, 5 ದಿನ. ಹೀಗೆ ಹಾಕಿಕೊಂಡಾಗ ರಕ್ತಕ್ಕೆ ಸೇರುವ ಔಷಧಿ ತುಂಬಾ ಕಡಿಮೆ. ಒಂದು 500 ಮಿಲಿಗ್ರಾಂ ಮಾತ್ರೆ ನುಂಗಿದಾಗ ರಕ್ತದಲ್ಲಿ ಏರುವ ಮಟ್ಟದ ಸುಮಾರು 2 ಶೇಕಡಾ ಅಷ್ಟೇ. ನನಗೆ ಬಾಯಿರುಚಿ ಕೆಡಲಿಲ್ಲ, ಹೊಟ್ಟೆಯೂ ತೊಳೆಸಲಿಲ್ಲ. ಇದೊಂದೇ ಸಾಕಾಗಿತ್ತು ನನಗೆ.

ಬಳಸುವುದು ಹೇಗೆ ಅನ್ನುವುದೇ ಹಲವರ ಹೆದರಿಕೆ. ಕೈ ತೊಳೆದುಕೊಳ್ಳಿ. ಟ್ಯೂಬಿನ ಬಾಯಿಗೆ ಅಪ್ಲಿಕೇಟರನ್ನು ತಿರುಗಿಸಿ ಕೂರಿಸಿ. ಟ್ಯೂಬನ್ನು ಕೆಳಗಿನಿಂದ ಮೆಲ್ಲಗೆ ಒತ್ತುತ್ತಾ ಬಂದರೆ ಒಳಗಿನ ಕಡ್ಡಿ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಅದು ಪೂರ್ತಿ ಸರಿದು ನಿಂತರೆ ಅಳತೆ ಸರಿಯಾಯಿತು. ಅಂಗಾತ ಮಲಗಿ, ಮಂಡಿ ಮಡಚಿ, ಮೈ ಸಡಿಲ ಬಿಡಿ. ನೋವಾಗದಷ್ಟು ಮಾತ್ರ ಒಳಗೆ ಸೇರಿಸಿ ಕಡ್ಡಿಯನ್ನು ಒತ್ತಿ. ತಣ್ಣಗೆ ಅನ್ನಿಸುತ್ತದೆ, ಸಾಮಾನ್ಯವಾಗಿ ಉರಿಯುವುದಿಲ್ಲ. ಉರಿ ಜೋರಾಗಿದ್ದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಮತ್ತೆ ಬಳಸುವ ಅಪ್ಲಿಕೇಟರ್ ಆದರೆ ಬಿಡಿಸಿ, ಉಗುರುಬೆಚ್ಚಗಿನ ನೀರು, ಸೋಪು ಹಾಕಿ ತೊಳೆದು ಒಣಗಿಸಿಡಿ. ನಾನು ಮಲಗುವ ಹೊತ್ತಿಗೇ ಹಾಕಿಕೊಳ್ಳುತ್ತಿದ್ದೆ. ಹಗಲು ಹಾಕಿಕೊಂಡು ಓಡಾಡಿದರೆ ಅರ್ಧ ಬಟ್ಟೆಗೇ ಹೋಗುತ್ತದೆ. ರಾತ್ರಿ ಹಾಕಿಕೊಂಡರೂ ಬೆಳಿಗ್ಗೆ ಒಂದಿಷ್ಟು ಸೋರುತ್ತದೆ, ತೆಳು ಪ್ಯಾಡ್ ಇಟ್ಟುಕೊಂಡರೆ ಆಯಿತು. ಟ್ಯಾಂಪೂನ್ ಬೇಡ, ಔಷಧಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಮುಟ್ಟು ಹತ್ತಿರದಲ್ಲಿದ್ದರೆ ಯಾವಾಗ ಶುರು ಮಾಡಲಿ ಅಂತ ಮೊದಲೇ ಕೇಳಿಕೊಳ್ಳಿ.

ಜೆಲ್‌ನ ದೊಡ್ಡ ಕಿರಿಕಿರಿ ಬೇರೆಯೇ. ಬಿವಿ ಹೋಯಿತು ಅಂದುಕೊಳ್ಳುವಷ್ಟರಲ್ಲಿ ತುರಿಕೆ ಶುರುವಾಯಿತು. ನೋಡಿದರೆ ಫಂಗಸ್! ಬಿವಿಗೆ ಯಾವ ಆಂಟಿಬಯೋಟಿಕ್ ಬಳಸಿದರೂ ಇದು ಆಗಬಹುದು, ಅದಕ್ಕೆ ಬೇರೆ ಔಷಧಿ ಇದೆ. ಬಿವಿಯೇ ವಾಪಸ್ ಬಂತು ಅಂತ ಇನ್ನೊಂದಿಷ್ಟು ಜೆಲ್ ಹಾಕಿಕೊಳ್ಳಬಾರದು ಅಷ್ಟೇ.

ಇನ್ನೊಂದು ಎಚ್ಚರ. ಮೆಟ್ರೊನಿಡಜೋಲ್ ಜೆಲ್ ಅಂತ ಬರೆದ ಟ್ಯೂಬುಗಳೆಲ್ಲ ಒಂದೇ ಅಲ್ಲ. ಮುಖದ ಚರ್ಮಕ್ಕೆ ಹಚ್ಚುವುದು ಇದೆ, ಒಸಡಿಗೆ ಹಚ್ಚುವುದೂ ಇದೆ. ಯೋನಿಯ ಜೆಲ್ ಅನ್ನು ಅಲ್ಲಿನ ಆಮ್ಲೀಯತೆಗೆ ಹೊಂದುವಂತೆ ಮಾಡಿರುತ್ತಾರೆ, ಅದರ ಪಿಎಚ್ ಸುಮಾರು 4. ಹೆಸರು ಒಂದೇ ಅಂತ ಮನೆಯಲ್ಲಿರುವ ಬೇರೆ ಟ್ಯೂಬನ್ನು ಒಳಗೆ ಹಾಕಿಕೊಳ್ಳಬೇಡಿ.

ಕ್ಲಿಂಡಾಮೈಸಿನ್ ಕ್ರೀಮ್ 2 ಶೇಕಡಾದ್ದು. ಇದೂ 5 ಗ್ರಾಂ, ರಾತ್ರಿ ಮಲಗುವಾಗ, 7 ದಿನ. ಮೆಟ್ರೊನಿಡಜೋಲ್ ಅಲರ್ಜಿ ಇರುವವರಿಗೆ ಇದೇ ದಾರಿ. ನನಗೆ ಜೆಲ್‌ಗಿಂತ ಜಿಡ್ಡು ಅನ್ನಿಸಿತು, ಮೇಲಿಂದ ಎರಡು ರಾತ್ರಿ ಜಾಸ್ತಿ. ಇದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಲ್ಯಾಟೆಕ್ಸ್ ಕಾಂಡೋಮ್ ದುರ್ಬಲವಾಗುತ್ತದೆ. ಕ್ರೀಮ್ ನಿಲ್ಲಿಸಿದ ಮೇಲೂ 5 ದಿನ ಕಾಂಡೋಮನ್ನು ನಂಬುವ ಹಾಗಿಲ್ಲ. ಇದನ್ನು ಎಷ್ಟೋ ಜನ ಹೇಳುವುದೇ ಇಲ್ಲ. ಹೇಗಿದ್ದರೂ ಯಾವ ಔಷಧಿ ನಡೆಯುತ್ತಿದ್ದರೂ ಆ ದಿನಗಳಲ್ಲಿ ಸಂಭೋಗ ಬೇಡ ಅನ್ನುವುದೇ ಒಳ್ಳೆಯದು.

ಗರ್ಭಿಣಿ ಆಗಿದ್ದರೆ ಅದನ್ನು ಮೊದಲೇ ಹೇಳಿ. ಬಿವಿಗೂ ದಿನ ತುಂಬುವ ಮುಂಚೆ ಹೆರಿಗೆ ಆಗುವುದಕ್ಕೂ ನಂಟಿದೆ, ಆದ್ದರಿಂದ ಯಾವ ಔಷಧಿ ಅಂತ ಡಾಕ್ಟರೇ ತೀರ್ಮಾನಿಸಲಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಜೆಲ್ ಆದರೂ ಸುಮ್ನೆ ಶುರು ಮಾಡಬಾರದು. ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅದು ಬರೀ ಬಿವಿ ಅಲ್ಲದಿರಬಹುದು, ಕಾಯಬೇಡಿ.

ಬೆಳ್ಳುಳ್ಳಿ, ವಿನೆಗರ್, ಒಳಗೆ ನೀರು ಹಾಯಿಸಿ ತೊಳೆಯುವುದು, ಇವನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ. ಒಳಗೆ ತೊಳೆದರೆ ಅಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕೊಚ್ಚಿಹೋಗಿ ಬಿವಿಗೇ ಅನುಕೂಲ. ಹೊರಗಡೆ ಬರೀ ನೀರು ಸಾಕು.

ಎರಡನೇ ದಿನಕ್ಕೋ ಮೂರನೇ ದಿನಕ್ಕೋ ವಾಸನೆ ಹೋಗಿಬಿಡಬಹುದು. ಆದರೂ ಕೋರ್ಸ್ ಪೂರ್ತಿ ಮಾಡಬೇಕು. ಮಾಡಿದರೂ ಮತ್ತೆ ಬರಬಹುದು. ಗುಣವಾದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಒಂದು ವರ್ಷದೊಳಗೆ ವಾಪಸ್ ಬರುತ್ತದೆ, ಇದು ನಿಮ್ಮ ಸ್ವಚ್ಛತೆಯ ತಪ್ಪಲ್ಲ. ಪದೇಪದೇ ಬರುತ್ತಿದ್ದರೆ ಇದೇ ಜೆಲ್ ಅನ್ನು ವಾರಕ್ಕೆರಡು ಸಲದಂತೆ ಕೆಲವು ತಿಂಗಳು ಬಳಸುವ ಕ್ರಮವೂ ಇದೆ. ಸಂಗಾತಿ ಗಂಡಸಾಗಿದ್ದರೆ ಅವರ ಚಿಕಿತ್ಸೆಯ ಬಗ್ಗೆಯೂ ಕೇಳಿ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹೆಂಗಸರಿಗೆ ಮಾತ್ರ ಔಷಧಿ ಕೊಟ್ಟಾಗ 12 ವಾರದೊಳಗೆ 63 ಶೇಕಡಾ ಜನರಿಗೆ ಬಿವಿ ಮರಳಿತ್ತು. ಗಂಡಸರಿಗೂ ಮಾತ್ರೆ ಮತ್ತು ಹಚ್ಚುವ ಕ್ರೀಮ್ ಕೊಟ್ಟಾಗ ಅದು 35ಕ್ಕೆ ಇಳಿಯಿತು. ಡಾಕ್ಟರ್ ಹತ್ತಿರ ಹೋಗುವಾಗ ಇಬ್ಬರೂ ಒಟ್ಟಿಗೇ ಹೋದರೆ ಮಾತಾಡುವುದು ಸುಲಭ, ಅಲ್ವಾ?